ಬೀದರ್ ಸುತ್ತಿ ಬಂದ ಗುಳಿಗೆ

ನಮ್ಮ ಮನೆಯಲ್ಲಿ ಬೆಳಗಾಗುವುದು ಹಾಲಿನವನಿಂದಲ್ಲ, ಅತ್ತೆಯ ಫೋನಿನಲ್ಲಿ ಅರಳುವ ಗುಲಾಬಿಯಿಂದ. ಗಚ್ಚಿಬೌಲಿಯ ಕಂಪನಿಗೆ ಹೋಗುವ ನನ್ನ ಮಗಳು ವರ್ಷಕ್ಕೊಂದು ಹೊಸ ಫೋನು ಕೊಳ್ಳುತ್ತಾಳೆ. ಹಿಂದೆ ಹಳೆಯ ಸೀರೆ ಕೌದಿಯಾಗುತ್ತಿದ್ದಂತೆ ಈಗ ಹಳೆಯ ಫೋನು ಅಜ್ಜಿಯ ಪಾಲಾಗುತ್ತದೆ. ಹೀಗೆ ನಮ್ಮ ಹಿಮಾಯತ್‌ನಗರದ ಮನೆಗೆ ವಾಟ್ಸಾಪ್ ಬಂತು, ಅದರ ಹಿಂದೆಯೇ ವೈದ್ಯಶಾಸ್ತ್ರವೂ ಬಂತು.

ಅತ್ತೆಯ ತವರು ಬೀದರ್. ತವರಿನವರೆಲ್ಲ ಸೇರಿದ ಗುಂಪಿನಲ್ಲಿ ಗುಲಾಬಿಯ ಬೆನ್ನಿಗೇ ಮದ್ದು ಬರುತ್ತದೆ: ಮಂಡಿನೋವಿಗೆ ಇದು, ಮರೆವಿಗೆ ಅದು. ನಗುವ ಹಕ್ಕು ನನಗಿಲ್ಲ. ಕೂದಲುದುರುವುದಕ್ಕೆಂದು ಈರುಳ್ಳಿ ರಸ ಹಚ್ಚಿಕೊಂಡು ಮದುವೆಗೆ ಹೋಗಿ, ವಾಸನೆ ಯಾರದೆಂದು ತಿಳಿಯದಿರಲಿ ಎಂದು ಅಡುಗೆಯವರ ಹತ್ತಿರವೇ ಕೂತು ಬಂದವಳು ನಾನು.

ಆದರೆ ಅತ್ತೆ ಒಂದು ದಿನ ಬಿಪಿ ಗುಳಿಗೆಯನ್ನೇ ಬಿಟ್ಟುಬಿಟ್ಟರು. ಕೊತ್ತಂಬರಿ ನೀರು ಕುಡಿದರೆ ಅದು ಬೇಡವೆಂದು ಗುಂಪಿನಲ್ಲಿ ಬಂದಿತ್ತಂತೆ. ತಲೆಸುತ್ತು ಶುರುವಾಯಿತು. ಮೇಲಿನ ಮನೆಯ ಡಾಕ್ಟರಮ್ಮ, ಮಂಗಳೂರಿನ ಹುಡುಗಿ, ತೋಳಿಗೆ ಪಟ್ಟಿ ಸುತ್ತಿ ನೋಡಿ ಗಾಬರಿಯಾದಳು. ಹೀಗೇ ಬಿಟ್ಟರೆ ಪಾರ್ಶ್ವವಾಯು ಹೊಡೆದೀತು ಎಂದಳು. ಅತ್ತೆ ಅವಳಿಗೆ ಚಹಾ ಕೊಟ್ಟರು, ಉಂಡಿ ಕೊಟ್ಟರು, ಕಿವಿ ಮಾತ್ರ ಕೊಡಲಿಲ್ಲ. ಪಾಪ, ಸಣ್ಣ ಹುಡುಗಿ, ಪುಸ್ತಕದಲ್ಲಿದ್ದದ್ದು ಹೇಳುತ್ತದೆ ಎಂದುಬಿಟ್ಟರು.

ಹಿಂದಿನ ಕವಿಗಳು ಹಂಸವನ್ನೋ ಗಿಳಿಯನ್ನೋ ಹುಡುಕಿ ಸಂದೇಶ ಕಳಿಸುತ್ತಿದ್ದುದೇಕೆಂದು ನನಗೆ ಆಗ ಹೊಳೆಯಿತು. ಮಾತು ಎಷ್ಟೇ ಸರಿಯಿರಲಿ, ತಂದವರು ಪ್ರೀತಿಯವರಾಗಿರಬೇಕು. ನಮ್ಮ ಹಂಸ ಬೀದರಿನಲ್ಲಿತ್ತು: ಅತ್ತೆಯ ತಮ್ಮ, ಬೋಳುತಲೆಯ ಶರಣಪ್ಪ ಮಾವ. ಅವರೂ ಬಿಪಿಯವರೇ. ಡಾಕ್ಟರಮ್ಮನ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಅವರಿಗೆ ಕಳಿಸಿದೆ. ಮರುದಿನ ಗುಲಾಬಿಯ ಬೆನ್ನಿಗೆ ಅವರ ದನಿ ಬಂತು:

"ಅಕ್ಕಾ, ಕೊತ್ತಂಬರಿ ನೀರು ಬೇಕಾದ್ರ ಕುಡಿ. ಗುಳಗಿ ಬಿಟ್ಟಿ ಅಂದ್ರ ಪಂಚಮಿಗಿ ನಿನ್ನ ಕರಿಯಾಕ ನಾ ಬರಂಗಿಲ್ಲ ನೋಡು."

ಅತ್ತೆ ಮತ್ತೊಮ್ಮೆ ಕೇಳಿದರು, ಕಣ್ಣೊರೆಸಿಕೊಂಡರು, ಎದ್ದು ಗುಳಿಗೆ ನುಂಗಿದರು.

ಬಿಪಿ ಹದಕ್ಕೆ ಬಂದ ಮೇಲೆ ಒಮ್ಮೆ ಡಾಕ್ಟರಮ್ಮ ಬಂದಾಗ ಅತ್ತೆ ಫೋನನ್ನು ಅವಳ ಮುಂದೆ ಹಿಡಿದರು. "ನೀನೂ ಕೇಳವ್ವಾ. ಬಿಪಿ ಗುಳಗಿ ಬಿಡಬಾರದಂತ. ನಿನ್ನ ಪೇಷಂಟಗೋಳಿಗೂ ಕಳಸು."

ತಾನೇ ಹೇಳಿಕೊಟ್ಟಿದ್ದನ್ನು ಅವಳು ಕೊನೆಯವರೆಗೂ ವಿನಯದಿಂದ ಕೇಳಿ, "ಆಯ್ತಮ್ಮಾ, ಎಲ್ಲರಿಗೂ ಕಳಿಸ್ತೇನೆ" ಎಂದಳು.

ಪಂಚಮಿಗೆ ಮಾವ ಬಂದು ಅಕ್ಕನನ್ನು ಕರೆದೊಯ್ದರು. ಚೀಲದಲ್ಲಿ ಸೀರೆಗಿಂತ ಮೊದಲು ಗುಳಿಗೆ ಡಬ್ಬಿ ಕೂತಿತು. ಮರುಬೆಳಿಗ್ಗೆ ಬೀದರಿನಿಂದ ನನಗೊಂದು ಗುಲಾಬಿ, ಅದರ ಕೆಳಗೆ ಅತ್ತೆಯ ದನಿ: "ಉಳ್ಳಾಗಡ್ಡಿ ರಸ ಸಾಕು ಮಾಡವ್ವಾ. ಡಾಕ್ಟರಮ್ಮನ್ನ ಕೇಳು."

ಈರುಳ್ಳಿ ರಸ ಬಿಡು ಎಂದು ಮಗಳು ಎಷ್ಟೋ ದಿನದಿಂದ ಹೇಳುತ್ತಿದ್ದಳು. ಅದೇ ಮಾತು ಬೀದರಿನಿಂದ ಬಂದ ಮೇಲೆ ನಾನೂ ಕೇಳಿದೆ.