ವಿದಾಯದ ಸಂದೇಶದಲ್ಲಿ ಬಿಟ್ಟುಹೋದ ಹೆಸರು

ಗೆಳೆಯರೇ, ನಮ್ಮ ರೇಡಿಯೊ ಅಭಿಮಾನಿಗಳ ವಾಟ್ಸಾಪ್ ಗ್ರೂಪನ್ನು ಮುಚ್ಚಲು ಹೋಗಿ ಇವತ್ತು ಬೈಸಿಕೊಂಡೆ. ಎಂಬತ್ತರ ದಶಕದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಾವೆಲ್ಲ ಕೂಡಿ, ಚಿತ್ರಗೀತೆ ಕೋರಿ ರೇಡಿಯೊಗೆ ಕಾರ್ಡು ಬರೆಯುತ್ತಿದ್ದೆವು. ಹಾಡು ಹಾಕುವ ಮೊದಲು ಕೋರಿದವರ ಹೆಸರು ಓದುತ್ತಿದ್ದರು. ಅದೇ ಸಂಘ ಆಮೇಲೆ ಫೋನಿಗೆ ಬಂತು. ಈಗ ಅಲ್ಲಿ ಶುಭೋದಯದ ಗುಲಾಬಿ ಬಿಟ್ಟರೆ ಬೇರೇನೂ ಅರಳುತ್ತಿರಲಿಲ್ಲ.

ಕೊನೆಯ ಸಂದೇಶವನ್ನು ಹಳೆಯ ಕಾರ್ಡಿನ ಧಾಟಿಯಲ್ಲೇ ಬರೆದೆ. ‘ವಿದಾಯ ಕೋರುವವರು’ ಎಂದು ಶುರುಮಾಡಿ, ಊರೂರಿನವರ ಹೆಸರು ಪೋಣಿಸಿ ಕಳಿಸಿದೆ. ಚಹಾ ಆರುವ ಮೊದಲೇ ಚೌಡಾಪುರದ ಶಾಂತಕ್ಕನ ಫೋನು.

“ನನ್ನ ಹೆಸರು ಎಲ್ಲೈತ್ರಿ ಮಾಸ್ತರ?”

“ಮರ್ತುಬಿಟ್ಟೆನ್ರಿ ಅಕ್ಕಾ, ಮಾಫ್ ಮಾಡ್ರಿ.”

“ಆವಾಗೂ ಹಿಂಗ ಮಾಡಿದ್ರಿ. ಕಾರ್ಡಿನಾಗ ಜಾಗಾ ಇಲ್ಲಂತ ನನ್ನ ಹೆಸರು ಬಿಟ್ಟು, ತೊಟ್ಟಲದಾಗಿದ್ದ ನಿಮ್ಮ ಮಗನ ಹೆಸರು ಬರ್ದಿದ್ರಿ. ಈಗ ಫೋನಿನಾಗೂ ಜಾಗಾ ಕಮ್ಮಿ ಬಿತ್ತೇನು?”

ಮಾತು ಮರೆಸಲು ಕೇಳಿದೆ: “ಅವತ್ತು ಯಾವ ಹಾಡು ಹಾಕಿದ್ರು, ನೆನಪೈತೇನ್ರಿ?”

“ಹಾಡು ಯಾರಿಗೆ ಬೇಕಾಗಿತ್ರಿ? ಹೆಸರು ಓದೋದು ಮುಗಿದ ಕೂಡ್ಲೇ ರೇಡಿಯೊ ಬಂದ್ ಮಾಡ್ತಿದ್ವಿ!”

ನಮ್ಮ ಮನೆಯಲ್ಲೂ ಅದೇ ನಡೆಯುತ್ತಿತ್ತು. ಶಾಂತಕ್ಕನ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿ ಸಂದೇಶವನ್ನು ಮತ್ತೆ ಕಳಿಸಿದೆ. ಇನ್ನೇನು ಗ್ರೂಪು ಮುಚ್ಚಬೇಕು, ಮತ್ತೆ ಫೋನು. ಈ ಸಲ ಆ ತೊಟ್ಟಿಲ ಮಗ. ಈಗ ಜೇವರ್ಗಿಯಲ್ಲಿ ವಕೀಲ, ಮೀಸೆ ಬೆಳ್ಳಗಾಗಿದೆ.

“ಅಪ್ಪಾ, ಲಿಸ್ಟಿನಾಗ ನನ್ನ ಹೆಸರು ಯಾಕ ಇಲ್ಲ?”

ಗ್ರೂಪು ಸದ್ಯಕ್ಕೆ ಮುಚ್ಚಿಲ್ಲ.