ಕುರಿ ಟೆಂಪೊಗೆ ಯುದ್ಧದ ಬಾಗಿಲು

ಪಕ್ಕದ ಮನೆಯ ಮಾಮ ಸೈನ್ಯದಲ್ಲಿ ಸಿಪಾಯಿಗಳನ್ನು ಹೊತ್ತು ಕಾದಾಡುವ ಉಕ್ಕಿನ ಗಾಡಿ ಓಡಿಸಿ ಬಂದವನು. ಯಾವ ವಾಹನ ಕಂಡರೂ ಹಿಂದೆ ಹೋಗಿ ಬಾಗಿಲಿಗೊಂದು ಗುದ್ದು ಹಾಕಿ, "ಒಳಗಿರೋರು ಬದುಕ್ಬೇಕು ಕಣ್ಲಾ" ಎನ್ನುತ್ತಿದ್ದ. ಧರ್ಮಪುರಿಯ ಟೌನ್ ಬಸ್ಸಿಗೂ ಅದೇ ಗುದ್ದು, ಅದೇ ಮಾತು.

ನಾನು ಕುರಿ ಸಾಗಿಸಲು ಹಳೆಯ ಟೆಂಪೊ ಕೊಂಡದ್ದೇ ತಪ್ಪಾಯಿತು. ಊರಲ್ಲಿ ನಾನಿಲ್ಲದ ದಿನ ನೋಡಿ ಮಾಮ, ಈಗಿನ ಯುದ್ಧದ ಗಾಡಿಗಳ ಹಾಗೆ ಅದರ ಪಕ್ಕಗಳಿಗೆ ದಪ್ಪ ತಗಡು, ಹಿಂದೆ ಇಡಿಯಾಗಿ ನೆಲಕ್ಕೆ ಬಾಗುವ ಕಬ್ಬಿಣದ ಬಾಗಿಲು ಬೆಸುಗೆ ಹಾಕಿಸಿಬಿಟ್ಟಿದ್ದ.

"ಕುರಿಗೆ ಯಾರು ಮಾಮಾ ಗುಂಡು ಒಡೀತಾರೆ?" ಎಂದು ರೇಗಿದೆ.

"ನಮ್ ಗಾಡೀಲಿ ಇಳಿಯೋ ಬಾಗ್ಲೊಳಗೇ ಡೀಸಲ್ ತುಂಬಿದ್ರು. ಬೆಂಕಿ ಬಿದ್ರೆ ಒಳಗಿರೋರು ಇಳಿಯೋಕೇ ದಾರಿ ಇರ್ಲಿಲ್ಲ. ನಿಂಗೇನ್ಲಾ ಗೊತ್ತು?"

ಕುರಿ ತುಂಬಿ, ಮಾಮನನ್ನೂ ಕೂರಿಸಿಕೊಂಡು ಹೊರಟರೆ, ಪಾಲಮಲೆ ಬೆಟ್ಟದ ಮೊದಲ ಏರಿನಲ್ಲೇ ಆ ಭಾರಕ್ಕೆ ಟೆಂಪೊ ನಿಂತು, ಎಂಜಿನ್ನಿನಿಂದ ಹೊಗೆ ಎದ್ದಿತು. ನಾನು ಚಕ್ರಕ್ಕೆ ಕಲ್ಲು ಕೊಡುವಷ್ಟರಲ್ಲಿ ಮಾಮ ಓಡಿಹೋಗಿ ಹಿಂಬಾಗಿಲು ಕೆಡವಿದ್ದ. ಬಾಗಿಲ ಬಳಿಯ ಕುರಿ ಮೊದಲು ಇಳಿಯಿತು. ಅದರ ಬಾಲ ಹಿಡಿದಂತೆ ಉಳಿದವೂ ಸಾಲಾಗಿ ಇಳಿದು ಬೇಲಿ ಮೇಯತೊಡಗಿದವು.

"ಗಾಡಿ ಗತಿ ಏನ್ ಮಾಮಾ?" ಎಂದೆ.

ಅವನು ಹೊಗೆ ತುಂಬಿದ ಟೆಂಪೊದೊಳಕ್ಕೆ ತಲೆ ಹಾಕಿ, ಮೂಲೆ ಮೂಲೆಯನ್ನೂ ಕೈಯಿಂದ ತಡವಿ ನೋಡಿ, ಹೊರಗೆ ಬಂದ.

"ಒಳಗೆ ಯಾರೂ ಇಲ್ಲ. ಗಾಡಿ ಓದ್ರೆ ಓಗ್ಲಿ."