ತಮ್ಮನ ಮೂಗುಬೊಟ್ಟು

ನನ್ನ ತಮ್ಮ ಮೂಗುಬೊಟ್ಟು ಇಟ್ಟುಕೊಂಡೇ ಅಂಗನವಾಡಿಗೆ ಹೋಗುತ್ತಿದ್ದ. ಮೈಗೆ ನನ್ನ ಹಳೆಯ ಲಂಗ, ತಲೆಗೆ ಎರಡು ಜಡೆ, ಕೈಗೆ ಬಳೆ. ಕೊಳವಳ್ಳಿಯ ನಮ್ಮ ಮನೆಯಲ್ಲಿ ಅವನಿಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳು ನೆಗಡಿ ಜ್ವರಕ್ಕೇ ತೀರಿಹೋಗಿದ್ದರು. ಅದೇ ಜ್ವರ ನನಗೂ ಬಂದಿತ್ತು, ನಾನು ಗಂಜಿ ಕುಡಿದು ಎದ್ದು ಕೂತಿದ್ದೆ. ಮಾರಿಗೆ ಗಂಡಿನ ಮೇಲೇ ಕಣ್ಣು ಎಂದು ತೀರ್ಮಾನಿಸಿದ ಅಜ್ಜಿ ಮೂರನೆಯವನನ್ನು ಹೆಣ್ಣು ಮಾಡಿ ಬಚ್ಚಿಟ್ಟಳು. ಅಂಗನವಾಡಿ ಟೀಚರ್ ನಗುತ್ತಿದ್ದರು. ನಗಲಿ ಬಿಡಿ, ಸತ್ತದ್ದು ಅವರ ಮನೆಯ ಮಕ್ಕಳಲ್ಲವಲ್ಲ.

ಕಾಫಿ ಕೊಯ್ಲಿನ ಹೊತ್ತಿಗೆ ನನಗೂ ಅವನಿಗೂ ಒಟ್ಟಿಗೇ ಜ್ವರ ಬಂತು. ನಾನು ವಾರದೊಳಗೆ ಶಾಲೆಗೆ ಹೋದೆ. ಅವನು ಆಸ್ಪತ್ರೆಯ ಐಸಿಯು ಸೇರಿದ.

ದೂರದ ಲ್ಯಾಬಿಗೆ ಕಳಿಸಿದ ರಕ್ತದ ವರದಿ ಬಂದ ದಿನ ಡಾಕ್ಟರು ಮಲಯಾಳದಲ್ಲಿ ವಿವರಿಸಿದರು. ಅವ್ವ ಕಬಿನಿಯ ಆಚೆ ಕನ್ನಡದ ದಡದಿಂದ ನಮ್ಮ ಮಲಯಾಳದ ಸೀಮೆಗೆ ಬಂದ ಸೊಸೆ, ಮಲಯಾಳ ಅಷ್ಟಕ್ಕಷ್ಟೇ. ನಾನೇ ಕನ್ನಡ ಮಾಡಿ ಹೇಳಬೇಕಾಯಿತು: ವೈರಸ್ಸನ್ನು ಗುರುತಿಸುವ ಒಂದು ಜೀನು ಕೆಟ್ಟಿದೆ, ಹೆಣ್ಣಿಗೆ ಅಂಥವು ಎರಡು, ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ, ಗಂಡಿಗೆ ಇರುವುದೇ ಒಂದು. ಅದು ಅವನಿಗೆ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಹಾರಿಸಿ ಮುಂದಕ್ಕೆ ಹೋದೆ. ಆದರೆ ಡಾಕ್ಟರು "ಅಮ್ಮ" ಎಂದದ್ದು ಅವ್ವನಿಗೆ ಕೇಳಿಸಿತ್ತು.

"ನನ್ನಿಂದ್ಲಾ?" ಅಂದಳು.

ಅಜ್ಜಿ ಗೋಡೆಗೆ ಒರಗಿ ಹೇಳಿದಳು, "ಹಂಗಾದ್ರೆ ನಾವ್ ವೇಷ ಹಾಕ್ಸಿದ್ದು ತಪ್ಪಲ್ಲ ಕಣವ್ವ. ಸಾಕಾಗ್ನಿಲ್ಲ, ಅಷ್ಟೇಯ."

ಅಷ್ಟರಲ್ಲಿ ನರ್ಸ್ ಕೊಳವೆ ಹಾಕಲು ತಮ್ಮನ ಮೂಗುಬೊಟ್ಟು ಬಿಚ್ಚತೊಡಗಿದರು. ಈಗಷ್ಟೇ ಎಲ್ಲ ಕೇಳಿ ತಲೆಯಾಡಿಸಿದ್ದ ಅವ್ವ ಅವರ ಕೈ ಹಿಡಿದುಕೊಂಡಳು.

"ತೆಗೀಬ್ಯಾಡಿ ಸಿಸ್ಟರೇ, ಗಂಡು ಅಂತ ಗೊತ್ತಾಗೋಯ್ತದೆ!"

ನರ್ಸ್‌ಗೆ ಕನ್ನಡ ಬರುತ್ತಿರಲಿಲ್ಲ. ಬೊಟ್ಟನ್ನು ಹತ್ತಿಯಲ್ಲಿ ಸುತ್ತಿ ಅವ್ವನ ಕೈಗಿಟ್ಟರು. ಮರುದಿನ ತಮ್ಮ ಹೋದ.

ಈಗ ನಾನು ಬಸುರಿ. ನನ್ನ ರಕ್ತದಲ್ಲೂ ಅದೇ ಜೀನು ಇದೆ ಎಂದು ಪರೀಕ್ಷೆ ಹೇಳಿದೆ. ಹುಟ್ಟುವುದು ಗಂಡಾದರೆ ಅವನಿಗೆ ದಾಟಬಹುದು, ದಾಟದೆಯೂ ಇರಬಹುದು. ಮೊದಲೇ ಎಚ್ಚರವಾಗಿದ್ದರೆ ಏನಾದರೂ ಮಾಡಬಹುದು ಎಂದು ಡಾಕ್ಟರು ಧೈರ್ಯ ತುಂಬುತ್ತಾರೆ. ನನಗೆ ಆ ಧೈರ್ಯ ಬರುವುದಿಲ್ಲ.

ಮೊನ್ನೆ ಅವ್ವ ಬಂದು ಆ ಹತ್ತಿಯ ಉಂಡೆಯನ್ನು ಬಿಚ್ಚಿದಳು.

"ಗಂಡಾದ್ರೆ ತಡ ಮಾಡ್ಬ್ಯಾಡ ಮಗಾ, ಬೇಗ ಚುಚ್ಸು."

ನಾನು ಓದಿದವಳು. ವರದಿಯನ್ನು ಅವ್ವನಿಗೆ ಬಿಡಿಸಿ ಹೇಳಿದವಳು. ಆದರೂ ಮೂಗುಬೊಟ್ಟು ತೆಗೆದುಕೊಂಡು ನನ್ನ ಕುಂಕುಮದ ಡಬ್ಬಿಯಲ್ಲಿ ಇಟ್ಟೆ.